ಮುಂಭಾರ

ಈ ವಾರ ನನ್ನದೇ ಒಂದು ತಪ್ಪಿನ ಕಥೆ ಬರೆಯುತ್ತಿದ್ದೇನೆ ಮಕ್ಕಳೇ. ಮನೆಯಲ್ಲಿ ಕಾರು ಓಡಿಸುವ ತಾತ ಇದ್ದರೆ ಅವರಿಗೂ ಓದಿ ಹೇಳಿ. ಅವರು ಕನ್ನಡಕ ಹುಡುಕುವಷ್ಟರಲ್ಲಿ ನೀವೇ ಅರ್ಧ ಓದಿ ಮುಗಿಸಿರುತ್ತೀರಿ.

ಏಪ್ರಿಲ್ ತಿಂಗಳ ಕೊನೆ. ಸಂಜೆ ಏಳು ಗಂಟೆ. ಎಂಟನೇ ತರಗತಿಯ ಮೊಮ್ಮಗಳನ್ನು ಸಂಗೀತದ ಪಾಠದಿಂದ ಕರೆದುಕೊಂಡು ಬರುತ್ತಿದ್ದೆ. ಎರಡು ತಿಂಗಳ ಬಿಸಿಲಿನ ಮೇಲೆ ಅವತ್ತೇ ಮೊದಲ ಮಳೆ, ಅದೂ ಹತ್ತು ನಿಮಿಷದ್ದು. ಮಾರತ್ತಹಳ್ಳಿ ಸೇತುವೆಯ ಹತ್ತಿರ ರಿಂಗ್ ರಸ್ತೆ ಯಾವತ್ತಿನಂತೆ ತುಂಬಿ ನಿಂತಿತ್ತು. ಅದರಿಂದ ತಪ್ಪಿಸಿಕೊಂಡು ಸರ್ವಿಸ್ ರಸ್ತೆಗೆ ಇಳಿದೆ. ಅಲ್ಲಿ ಅಪರೂಪಕ್ಕೆ ದಾರಿ ಖಾಲಿ. ಖಾಲಿ ರಸ್ತೆ ಕಂಡರೆ ಬೆಂಗಳೂರಿನವರ ಕಾಲು ತಾನಾಗಿ ಕೆಳಗೆ ಹೋಗುತ್ತದೆ. ನಮ್ಮ ಕ್ರಾಸ್ ಬಂತು, ಎಡಕ್ಕೆ ತಿರುಗಿಸಿದೆ.

ಸ್ಟಿಯರಿಂಗ್ ತಿರುಗಿತು. ಕಾರು ತಿರುಗಲಿಲ್ಲ.

ಅಂದರೆ, ಸ್ವಲ್ಪ ತಿರುಗಿತು, ಸಾಕಷ್ಟು ತಿರುಗಲಿಲ್ಲ. ನಾನು ಹೇಳಿದ ದಾರಿಗಿಂತ ಅಗಲವಾದ ದಾರಿಯಲ್ಲಿ, ಮೂಗನ್ನು ಹೊರಗೆ ಚಾಚಿಕೊಂಡು, ಎದುರು ಬದಿಗೆ ಹೋಗತೊಡಗಿತು. ಆ ಬದಿಯಲ್ಲಿ ಎಳನೀರಿನ ಗಾಡಿ ಇತ್ತು, ಅದರ ಹಿಂದೆ ಎಳನೀರು ಮಾರುವವರು ಗೋಣಿಚೀಲ ತಲೆಗೆ ಹಾಕಿಕೊಂಡು ನಿಂತಿದ್ದರು. ನಾನು ಸ್ಟಿಯರಿಂಗನ್ನು ಇನ್ನೂ ಎಡಕ್ಕೆ ಎಳೆದು ಬ್ರೇಕನ್ನು ಬಲವಾಗಿ ತುಳಿದೆ. ಈ ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು. ಮುಂದಿನ ಗಾಲಿಗಳು ಕಿರುಗುಟ್ಟಿದವು. ಕಾರು ನಿಂತಾಗ ಬಂಪರಿಗೂ ಎಳನೀರಿನ ಗಾಡಿಗೂ ಒಂದು ಮೊಳ ಅಂತರ.

ಎಳನೀರಿನವರು ಬಯ್ಯಲಿಲ್ಲ. "ಯಜಮಾನ್ರೆ, ಮನೆಗ್ ಹೋಗಿ, ನಿಧಾನವಾಗ್ ಹೋಗಿ" ಅಂದರು. ಬಯ್ದಿದ್ದರೇ ಚೆನ್ನಾಗಿತ್ತು.

ಮೊಮ್ಮಗಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಮಾರನೆಯ ಪಾಠದ ದಿನ "ತಾತ, ನಾನು ಬಸ್ಸಲ್ಲೇ ಹೋಗ್ತೀನಿ" ಅಂದಳು. ಅದರ ಮುಂದಿನ ಪಾಠಕ್ಕೂ ಬಸ್ಸೇ. ಮೂರನೆಯ ದಿನ ನಾನೇ ಸೊಸೆಗೆ ನಡೆದದ್ದನ್ನು ಹೇಳಿಬಿಟ್ಟೆ. ರಾತ್ರಿ ಪುಣೆಯಿಂದ ಮಗನ ಫೋನು. "ಅಪ್ಪಾ, ನಿಮಗೆ ಅರವತ್ತೆಂಟು ಆಯ್ತು. ಇನ್ನು ಓಡಿಸೋದು ಬೇಡ ಅನ್ಸುತ್ತೆ." ಅವನು ಮೆತ್ತಗೇ ಹೇಳಿದ. ನನಗೆ ನಿದ್ದೆ ಬರಲಿಲ್ಲ.

ನಿದ್ದೆ ಬಾರದ ಆ ರಾತ್ರಿ ನೆನಪಾದದ್ದು ಕಾರಲ್ಲ, ಎತ್ತಿನ ಗಾಡಿ.

ನಾನು ಹುಟ್ಟಿ ಬೆಳೆದದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುತ್ತಿದ್ದದ್ದು ಗಾಡಿಯಲ್ಲಿ. ಕಬ್ಬು ಹೇರುವುದು ಸುಮ್ಮನೆ ಮಾತಲ್ಲ. ಎರಡು ಗಾಲಿಯ ಗಾಡಿಗೆ ಅಚ್ಚೇ ತಕ್ಕಡಿಯ ನಡು. ಅಚ್ಚಿನಿಂದ ಮುಂದಕ್ಕೆ ಹೆಚ್ಚು ಹೇರಿದರೆ ಭಾರವೆಲ್ಲ ನೊಗದ ಮೇಲೆ, ಅಂದರೆ ಎತ್ತಿನ ಹೆಗಲ ಮೇಲೆ. ಅದು ಮುಂಭಾರ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳನ್ನೇ ಎತ್ತಿಬಿಡುತ್ತದೆ. ಅದು ಹಿಂಭಾರ. ನಮ್ಮ ತಾತ ಗಾಡಿ ಹೇರಿದ ಮೇಲೆ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಎತ್ತಲು ಕಷ್ಟವಾದರೆ, "ಮುಂಭಾರ ಆಗದೆ ಕಣ್ಲಾ, ನಾಕ್ ಜಲ್ಲೆ ಹಿಂದಕ್ಕಾಕು" ಅನ್ನುತ್ತಿದ್ದರು. ಮುಂಭಾರದ ಗಾಡಿಯನ್ನು ಎತ್ತುಗಳು ಎಳೆಯುತ್ತವೆ, ಆದರೆ ತಿರುವಿನಲ್ಲಿ ಹೆಣಗುತ್ತವೆ. ಹೆಗಲ ಮೇಲೆ ಅಷ್ಟು ಭಾರ ಹೊತ್ತವು ಚುರುಕಾಗಿ ಪಕ್ಕಕ್ಕೆ ಹೆಜ್ಜೆ ಇಡುವುದು ಹೇಗೆ?

ಹಾಸಿಗೆಯಲ್ಲಿ ಎದ್ದು ಕೂತೆ. ಈಗ ನಮ್ಮ ಮನೆಯಲ್ಲಿರುವ ಕಾರು ಮಗನದು. ಸಣ್ಣ ಹ್ಯಾಚ್‌ಬ್ಯಾಕು, ಡೀಸೆಲ್. ಅವನು ಪುಣೆಗೆ ಹೋಗುವಾಗ ನನಗೆ ಬಿಟ್ಟು ಹೋದ. ಅದಕ್ಕೆ ಮೊದಲು ಹದಿನಾರು ವರ್ಷ ನಾನು ಓಡಿಸಿದ್ದು ಪುಟ್ಟ ಪೆಟ್ರೋಲ್ ಕಾರು. ಹೊಸದಕ್ಕೆ ಕೂತ ದಿನದಿಂದ ಹಳೆಯದನ್ನು ಓಡಿಸಿದಂತೆಯೇ ಓಡಿಸುತ್ತಿದ್ದೆ. ಅದೇ ಕ್ರಾಸು, ಅದೇ ವೇಗ, ಅದೇ ಕೈ. ಇನ್ನೂ ನಾಚಿಕೆಯ ವಿಷಯವೆಂದರೆ, ನಾನು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವನು. ವಿಮಾನವನ್ನು ತೂಗುವಾಗ ಮೂಗಿನ ಗಾಲಿಯ ಕೆಳಗೆ ಎಷ್ಟು, ಎರಡು ಮುಖ್ಯ ಗಾಲಿಗಳ ಕೆಳಗೆ ಎಷ್ಟು ಎಂದು ಬೇರೆ ಬೇರೆ ಬರೆದುಕೊಂಡು, ಒಟ್ಟು ಭಾರ ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕುತ್ತಾರೆ. ಭಾರ ತನ್ನ ಜಾಗ ಬಿಟ್ಟಿದ್ದರೆ ವಿಮಾನ ನೆಲ ಬಿಡುವಂತಿಲ್ಲ. ಅಂಥಲ್ಲಿ ಕೆಲಸ ಮಾಡಿ ಬಂದವನು ಮನೆಯ ಕಾರಿನ ಭಾರ ಎಲ್ಲಿ ಕೂತಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಬೆಳಿಗ್ಗೆ ಮೊಮ್ಮಗಳಿಗೆ ಹೇಳಿದೆ: "ಪುಟ್ಟಿ, ಕಾರನ್ನ ತೂಗಿಸಿಕೊಂಡು ಬರೋಣ ಬಾ." ಕಾರಿನಲ್ಲಿ ಕೂರುವುದಿಲ್ಲ ಎಂದು ಅವಳು ಹೇಳುವ ಮೊದಲೇ ಸೇರಿಸಿದೆ: "ನಿಮ್ಮಮ್ಮ ಓಡಿಸ್ತಾಳೆ."

ಎದುರು ಮನೆಯ ಟೀಚರಮ್ಮನ ಹತ್ತಿರ ಅದೇ ಮಾದರಿಯ ಪೆಟ್ರೋಲ್ ಕಾರಿದೆ. ಅವರನ್ನೂ ಹೊರಡಿಸಿದೆವು. ಮಹದೇವಪುರದ ಕಡೆ ಲಾರಿ ತೂಗುವ ವೇ ಬ್ರಿಡ್ಜಿಗೆ ಎರಡು ಕಾರು ಹೋದಾಗ ಅಲ್ಲಿನ ಹುಡುಗ, "ಏನು ಲೋಡು ಸಾರ್?" ಅಂದ. "ಏನೂ ಇಲ್ಲಪ್ಪ, ಖಾಲಿ ಕಾರು" ಅಂದೆ. ಅವನು ನನ್ನ ಮುಖವನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿದ.

ಎಲ್ಲರೂ ಇಳಿದು, ಮೊದಲು ಮುಂದಿನ ಎರಡು ಗಾಲಿ ಮಾತ್ರ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿದೆವು. ಆಮೇಲೆ ಹಿಂದಿನ ಎರಡು ಗಾಲಿ. ಕೊನೆಗೆ ಇಡೀ ಕಾರು. ಮೊಮ್ಮಗಳು ಬರೆದುಕೊಂಡಳು. ಟೀಚರಮ್ಮನ ಪೆಟ್ರೋಲ್ ಕಾರು: ಮುಂದೆ 590 ಕಿಲೋ, ಹಿಂದೆ 370, ಒಟ್ಟು 960. ನಮ್ಮ ಡೀಸೆಲ್ ಕಾರು: ಮುಂದೆ 690, ಹಿಂದೆ 375, ಒಟ್ಟು 1065. ಆ ಯಂತ್ರ ಐದೈದು ಕಿಲೋಗಳ ಲೆಕ್ಕದಲ್ಲಿ ತೋರಿಸುತ್ತದೆ, ಆದ್ದರಿಂದ ಒಂದೆರಡು ಕಿಲೋ ಆಚೀಚೆ ಇರಬಹುದು.

ನೋಡಿದಿರಾ? ಒಂದೇ ಮಾದರಿ, ಒಂದೇ ಬಾಗಿಲು, ಒಂದೇ ಸೀಟು. ಆದರೂ ನಮ್ಮದು 105 ಕಿಲೋ ಹೆಚ್ಚು. ಅದರಲ್ಲಿ 100 ಕಿಲೋ ಮುಂದಿನ ಗಾಲಿಗಳ ಮೇಲೇ ಕೂತಿದೆ. ಹಿಂದಿನ ಗಾಲಿಗಳಿಗೆ ಹೋದದ್ದು ಐದೇ ಕಿಲೋ.

"ಅಂದ್ರೆ ತಾತ, ಮುಂದಿನ ಅಚ್ಚಿನ ಮೇಲೆ ಯಾವಾಗಲೂ ಇಬ್ಬರು ಕೂತ ಹಾಗೆ" ಅಂದಳು. ಐವತ್ತು ಐವತ್ತು ಕಿಲೋದ ಇಬ್ಬರು. ಸರಿಯಾಗಿ ಹೇಳಿದಳು.

ಅವಳು ಅಲ್ಲಿಗೇ ಬಿಡಲಿಲ್ಲ. ಪಾರ್ಕಿನ ಸೀಸಾ ಲೆಕ್ಕ ಶಾಲೆಯಲ್ಲಿ ಮಾಡಿದ್ದಳಂತೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಟೇಪು ಹಿಡಿದಳು, ಸುಮಾರು 240 ಸೆಂಟಿಮೀಟರ್. ಹೆಚ್ಚಾದ 105 ಕಿಲೋ ಎಲ್ಲಿ ಕೂತಿದ್ದರೆ ಹಿಂದಿನ ಗಾಲಿಗೆ ಐದೇ ಕಿಲೋ ಸಿಗುತ್ತದೆ? ಐದನ್ನು 240ರಿಂದ ಗುಣಿಸಿ 105ರಿಂದ ಭಾಗಿಸಿದರೆ ಹನ್ನೊಂದು ಚಿಲ್ಲರೆ ಬರುತ್ತದೆ. ಅಂದರೆ ಆ ಭಾರದ ನಡು ಮುಂದಿನ ಅಚ್ಚಿನಿಂದ ಅರ್ಧ ಗೇಣು ಹಿಂದೆ, ಹೆಚ್ಚುಕಡಿಮೆ ಅಚ್ಚಿನ ಮೇಲೇ. ನಮ್ಮ ತಾತ ಇದ್ದಿದ್ದರೆ ಬಂಪರ್ ಹಿಡಿದು ಎತ್ತಿ ನೋಡಿ ಅಷ್ಟನ್ನೂ ಹೇಳಿಬಿಡುತ್ತಿದ್ದರು.

ಡೀಸೆಲ್ ಎಂಜಿನ್ ಯಾಕೆ ಅಷ್ಟು ಭಾರ? ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಗಾಳಿಯನ್ನು ಒತ್ತಿ ಒತ್ತಿ, ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸೈಕಲ್ ಪಂಪು ಹೊಡೆಯುವಾಗ ಅದರ ಕೆಳಭಾಗ ಮುಟ್ಟಿ ನೋಡಿದ್ದೀರಲ್ಲ, ಬಿಸಿಯಾಗಿರುತ್ತದೆ. ಅದೇ ತತ್ವ. ಪೆಟ್ರೋಲ್ ಎಂಜಿನ್ ಹತ್ತು ಹನ್ನೊಂದು ಲೋಟ ಗಾಳಿಯನ್ನು ಒಂದು ಲೋಟದ ಜಾಗಕ್ಕೆ ಒತ್ತಿದರೆ, ಇಂಥ ಕಾರುಗಳ ಡೀಸೆಲ್ ಎಂಜಿನ್ ಹದಿನೇಳರಷ್ಟನ್ನು ಒತ್ತುತ್ತದೆ. ಆ ಒತ್ತಡ ತಡೆಯಲು ಗೋಡೆ ದಪ್ಪವಿರಬೇಕು, ಒಳಗಿನ ದಂಡಗಳು ಗಟ್ಟಿ ಇರಬೇಕು. ಎಷ್ಟೋ ಡೀಸೆಲ್ ಎಂಜಿನ್ನುಗಳ ಮೈ ಎರಕದ ಕಬ್ಬಿಣ. ಈಗಿನ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಮೈ ಹೆಚ್ಚಾಗಿ ಅಲ್ಯೂಮಿನಿಯಂ. ಅಡುಗೆಮನೆಗೆ ಹೋಗಿ ಅಜ್ಜಿಯ ಕಬ್ಬಿಣದ ಹೆಂಚನ್ನೂ ಅಲ್ಯೂಮಿನಿಯಂ ಬಾಣಲೆಯನ್ನೂ ಎತ್ತಿ ನೋಡಿ. ಒಂದೇ ಗಾತ್ರದ ತುಂಡು ತೆಗೆದುಕೊಂಡರೆ ಕಬ್ಬಿಣ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಇದರ ಮೇಲೆ ಟರ್ಬೊ, ದೊಡ್ಡ ಬ್ಯಾಟರಿ, ಗಟ್ಟಿ ಕ್ಲಚ್ಚು. ಎಲ್ಲ ಬಾನೆಟ್ಟಿನ ಕೆಳಗೇ.

ನಮ್ಮ ಕಾರಿನ ಹೆಸರು ಬರೆಯುವುದಿಲ್ಲ. ತಪ್ಪು ಓಡಿಸಿದವನದು, ಕಾರಿನದಲ್ಲ. ಆದರೆ ಇದು ಒಂದೇ ಕಾರಿನ ಸಂಗತಿಯೂ ಅಲ್ಲ. ನಮ್ಮ ದೇಶದಲ್ಲಿ ಮುಂದಿನ ಗಾಲಿ ಎಳೆಯುವ ಕಾರನ್ನು ಮನೆಮನೆಗೆ ತಂದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ ಮುಂದೆ, ಎಳೆಯುವ ಗಾಲಿ ಹಿಂದೆ. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ, ಮುಂದಿನ ಗಾಲಿಗಳಿಗೇ ಕೆಲಸ ಕೊಟ್ಟು, ಪುಟ್ಟ ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗ ಮಾಡಬಹುದು ಎಂದು 1959ರಲ್ಲೇ ಇಂಗ್ಲೆಂಡಿನ ಮಿನಿ ಕಾರು ತೋರಿಸಿತ್ತು, ಅದನ್ನು ರೂಪಿಸಿದವರು ಅಲೆಕ್ ಇಸ್ಸಿಗೊನಿಸ್. ಮಾರುತಿ 800ರದು ಮೂರು ಸಿಲಿಂಡರಿನ 796 ಸಿ.ಸಿ. ಪೆಟ್ರೋಲ್ ಎಂಜಿನ್, ಹಗುರ. ಆಮೇಲೆ 1998ರಲ್ಲಿ ಟಾಟಾ ಇಂಡಿಕಾ ಬಂತು, ಡೀಸೆಲ್ ಹ್ಯಾಚ್‌ಬ್ಯಾಕು. ಕಾಲ್ ಸೆಂಟರುಗಳ ಕಾಲದಲ್ಲಿ ನಮ್ಮ ರಿಂಗ್ ರಸ್ತೆಯಲ್ಲಿ ರಾತ್ರಿಯೆಲ್ಲ ಓಡುತ್ತಿದ್ದ ಬಿಳಿ ಇಂಡಿಕಾಗಳು ಇಲ್ಲಿನ ಹಳಬರಿಗೆ ನೆನಪಿರುತ್ತವೆ. ಸ್ವಿಫ್ಟ್ 2005ರಲ್ಲಿ ಪೆಟ್ರೋಲ್ ಆಗಿ ಬಂತು, 2007ರಲ್ಲಿ ಅದಕ್ಕೇ ಫಿಯಟ್ ಮೂಲದ 1248 ಸಿ.ಸಿ. ಡೀಸೆಲ್ ಎಂಜಿನ್ ಕೂತಿತು. ಅದೇ ಎಂಜಿನ್ ಎಷ್ಟು ಕಂಪನಿಗಳ ಎಷ್ಟು ಕಾರುಗಳಿಗೆ ಹೋಯಿತೆಂದರೆ, ಅದನ್ನು ತಮಾಷೆಗೆ ರಾಷ್ಟ್ರೀಯ ಎಂಜಿನ್ ಅನ್ನುತ್ತಿದ್ದರು. 2012ರ ಹೊತ್ತಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಸುಮಾರು ಮೂವತ್ತು ರೂಪಾಯಿ ವ್ಯತ್ಯಾಸ. ಯಾರು ತಾನೆ ಬಿಡುತ್ತಾರೆ? ನನ್ನ ಮಗನೂ ಬಿಡಲಿಲ್ಲ. 2020ರ ಏಪ್ರಿಲಿನಿಂದ ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಆದರೆ ಅಷ್ಟು ವರ್ಷ ಮಾರಾಟವಾದ ಡೀಸೆಲ್ ಹ್ಯಾಚ್‌ಬ್ಯಾಕುಗಳು ಈಗ ಅಪ್ಪನಿಂದ ಮಗನಿಗೆ, ಮಗನಿಂದ ಅಪ್ಪನಿಗೆ ಕೈ ಬದಲಾಯಿಸುತ್ತಿವೆ.

ಈಗ ತಿರುವಿಗೆ ಬರೋಣ.

ಮುಂದಿನ ಗಾಲಿ ಎಳೆಯುವ ಕಾರಿನಲ್ಲಿ ಹಿಂದಿನ ಗಾಲಿಗಳಿಗೆ ಕೆಲಸ ಕಡಿಮೆ, ಹೊತ್ತುಕೊಂಡು ಹಿಂಬಾಲಿಸಿದರೆ ಮುಗಿಯಿತು. ಮುಂದಿನವು ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಹೆಚ್ಚಿನ ಪಾಲನ್ನೂ ಹೊರಬೇಕು. ಒಂದು ಟೈರು ರಸ್ತೆಯನ್ನು ಹಿಡಿಯುವ ಶಕ್ತಿಗೆ ಮಿತಿಯಿದೆ. ಆ ಶಕ್ತಿಯನ್ನು ಹತ್ತು ರೂಪಾಯಿ ಅನ್ನಿ. ಎಂಟು ರೂಪಾಯಿ ಬ್ರೇಕಿಗೆ ಖರ್ಚು ಮಾಡಿದರೆ ತಿರುವಿಗೆ ಎಷ್ಟು ಉಳಿಯುತ್ತದೆ? ಎರಡು ಅಂದಿರಿ ಅಲ್ಲವೇ? ಉಳಿಯುವುದು ಆರು! ಬ್ರೇಕಿನ ಬಲ ಹಿಂದಕ್ಕೆ, ತಿರುವಿನ ಬಲ ಪಕ್ಕಕ್ಕೆ. ಎರಡೂ ಲಂಬ ಕೋನದಲ್ಲಿವೆ. ಆರು, ಎಂಟು, ಹತ್ತು ಎಂದ ಕೂಡಲೇ ಪೈಥಾಗೊರಸ್ ನೆನಪಾದವರು ಬೆನ್ನು ತಟ್ಟಿಕೊಳ್ಳಿ. ಆದರೆ ಹತ್ತಕ್ಕೆ ಹತ್ತನ್ನೂ ಬ್ರೇಕಿಗೇ ಸುರಿದರೆ ತಿರುವಿಗೆ ಸೊನ್ನೆ. ಅವತ್ತು ಸಂಜೆ ನಾನು ಮಾಡಿದ್ದು ಅದನ್ನೇ. ಬ್ರೇಕು ತುಳಿದಷ್ಟೂ ಸ್ಟಿಯರಿಂಗ್ ಕೈಯಲ್ಲಿ ಆಟದ ಸಾಮಾನಾಯಿತು.

"ಭಾರ ಜಾಸ್ತಿ ಆದ್ರೆ ಟೈರು ಇನ್ನೂ ಗಟ್ಟಿಯಾಗಿ ಒತ್ತುತ್ತಲ್ವಾ ತಾತ, ಹಿಡಿತಾನೂ ಜಾಸ್ತಿ ಆಗ್ಬೇಕಲ್ವಾ?"

ಇದು ಒಳ್ಳೆಯ ಪ್ರಶ್ನೆ, ದೊಡ್ಡವರೂ ಕೇಳುವುದಿಲ್ಲ. ಹೌದು, ಹಿಡಿತ ಜಾಸ್ತಿಯಾಗುತ್ತದೆ, ಆದರೆ ಭಾರ ಏರಿದ ಲೆಕ್ಕದಲ್ಲಿ ಏರುವುದಿಲ್ಲ. ರಬ್ಬರು ರಸ್ತೆಯ ಸಣ್ಣ ಸಣ್ಣ ತಗ್ಗುಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಮೊದಲ ಭಾರಕ್ಕೆ ಚೆನ್ನಾಗಿ ಕಚ್ಚುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹೊಸದಾಗಿ ಸಿಗುವ ಹಿಡಿತ ಕಡಿಮೆ ಕಡಿಮೆ. ನಮ್ಮ ಲೆಕ್ಕ ನೋಡಿ. ಮುಂದಿನ ಗಾಲಿಗಳ ಮೇಲೆ 590 ಇದ್ದದ್ದು 690 ಆಯಿತು, ನೂರಕ್ಕೆ ಹದಿನೇಳರಷ್ಟು ಹೆಚ್ಚು. ಆ ಭಾರವನ್ನು ಅದೇ ವೇಗದಲ್ಲಿ ಅದೇ ತಿರುವಿನಲ್ಲಿ ತಿರುಗಿಸಲು ಹದಿನೇಳರಷ್ಟೇ ಹೆಚ್ಚು ಬಲ ಬೇಕು. ಟೈರು ಅಷ್ಟು ಕೊಡುವುದಿಲ್ಲ. ಕೊರತೆ ಬಿದ್ದಷ್ಟು ಮೂಗು ಹೊರಕ್ಕೆ ಹೋಗುತ್ತದೆ. ಹಿಂದಿನ ಗಾಲಿಗಳಿಗೆ ಇನ್ನೂ ಹಿಡಿತ ಉಳಿದಿರುತ್ತದೆ, ಆದರೆ ಅದು ಮುಂದಿನವಕ್ಕೆ ಸಾಲವಾಗಿ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೀವೇ ಮಾಡಿ ನೋಡಬಹುದು. ಶಾಲೆಯ ಚೀಲ ತುಂಬಿಸಿ ಎದೆಗೆ ಅಪ್ಪಿಕೊಂಡು ನಿಂತಲ್ಲೇ ಗಿರ್ರನೆ ಎಡಕ್ಕೆ ತಿರುಗಿ. ಸುಲಭ. ಈಗ ಅದೇ ಚೀಲವನ್ನು ಎರಡೂ ಕೈ ಚಾಚಿ ದೂರ ಹಿಡಿದು ತಿರುಗಿ. ತಿರುಗಲು ಶುರು ಮಾಡುವುದೂ ನಿಧಾನ, ನಿಲ್ಲಿಸುವುದೂ ಕಷ್ಟ. (ಟಿ.ವಿ. ಇರುವ ಕೋಣೆಯಲ್ಲಿ ಬೇಡ.) ಭಾರ ಕಾರಿನ ನಡುವಿನಲ್ಲಿದ್ದರೆ ಅಪ್ಪಿಕೊಂಡ ಚೀಲ, ಮೂಗಿನಲ್ಲಿದ್ದರೆ ಚಾಚಿದ ಚೀಲ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನಲ್ಲಿ ಬ್ಯಾಟರಿಗಳು ಮುಂದಿನ ಸೀಟುಗಳ ಕೆಳಗೇ ಇದ್ದವು, ಭಾರ ನಡುವಿನಲ್ಲಿ. ಈಗಿನ ಬ್ಯಾಟರಿ ಕಾರುಗಳಲ್ಲೂ ಭಾರ ಹೆಚ್ಚಿದ್ದರೂ ಬಹುಪಾಲು ನೆಲದ ಹಲಗೆಯಡಿ ಹರಡಿಕೊಂಡಿರುತ್ತದೆ.

ಮುಂಭಾರದಿಂದ ಲಾಭವೇ ಇಲ್ಲವೆಂದಲ್ಲ. ಎಳೆಯುವ ಗಾಲಿಯ ಮೇಲೇ ಭಾರ ಇದ್ದರೆ ಕೆಸರಿನಲ್ಲಿ, ಒದ್ದೆಯಲ್ಲಿ ಕಾರು ಚೆನ್ನಾಗಿ ಎಳೆಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿನಲ್ಲಿ ಮಳೆ ನೀರು ಹರಿಯುವಾಗ ನಮ್ಮ ಡೀಸೆಲ್ ಕಾರು ಒಮ್ಮೆಯೂ ಗಾಲಿ ಸುತ್ತದೆ ಮೇಲೆ ಬಂದಿದೆ. ನೇರ ರಸ್ತೆಯಲ್ಲಿ ಅಲುಗಾಡದೆ ಹೋಗುತ್ತದೆ. ಕಾರು ಮಾಡುವವರೂ ಸುಮ್ಮನೆ ಭಾರದ ಎಂಜಿನ್ ಇಟ್ಟು ಕಳಿಸುವುದಿಲ್ಲ. ಮುಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡುತ್ತಾರೆ, ಗಾಳಿಯ ಒತ್ತಡವನ್ನು ಅದಕ್ಕೆ ತಕ್ಕಂತೆ ಬರೆದು ಬಾಗಿಲಿನ ಕಂಬಕ್ಕೆ ಚೀಟಿ ಅಂಟಿಸುತ್ತಾರೆ.

ಆ ಚೀಟಿ! ವೇ ಬ್ರಿಡ್ಜಿನಿಂದ ಬಂದ ಮೇಲೆ ಮೊಮ್ಮಗಳು ಚಾಲಕನ ಬಾಗಿಲು ತೆಗೆದು ಓದಿದಳು. ಮುಂದಿನ ಗಾಲಿಗೆ 33. "ನೀವು ಎಷ್ಟು ಹಾಕಿಸ್ತೀರಾ ತಾತ?"

ನಾನು ಉತ್ತರ ಹೇಳಲು ಸ್ವಲ್ಪ ತಡ ಮಾಡಿದೆ. ಪಂಚರ್ ಅಂಗಡಿಯ ಹುಡುಗ "ಎಷ್ಟು ಸಾರ್?" ಎಂದಾಗಲೆಲ್ಲ ಹದಿನಾರು ವರ್ಷದ ಅಭ್ಯಾಸದಲ್ಲಿ "ಇಪ್ಪತ್ತೆಂಟು" ಅನ್ನುತ್ತಿದ್ದೆ. ಅದು ಹಳೆಯ ಕಾರಿನ ಲೆಕ್ಕ. ಭಾರ ಹೆಚ್ಚಿರುವ ಮೂಗಿಗೆ ಗಾಳಿ ಕಡಿಮೆ. ಟೈರು ತಿರುವಿನಲ್ಲಿ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಹೇಳಿದ ಮಾತು ನಿಧಾನವಾಗಿ ಕೇಳುತ್ತದೆ. ಅಲ್ಲೇ ಬಗ್ಗಿ ಟೈರಿನ ಗೆರೆಗಳನ್ನೂ ನೋಡಿದೆವು. ಗೆರೆಗಳ ಒಳಗೆ ಅಲ್ಲಲ್ಲಿ ಪುಟ್ಟ ದಿಬ್ಬ ಇರುತ್ತದೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ, ಬದಲಾಯಿಸಲೇಬೇಕು. ಹಿಂದಿನವು ಪರವಾಗಿಲ್ಲ. ಮುಂದಿನವು ದಿಬ್ಬಕ್ಕೆ ಬಂದು ನಿಂತಿದ್ದವು. ಎಳೆಯುವುದೂ ತಿರುಗಿಸುವುದೂ ಅವೇ, ಅದರ ಮೇಲೆ ನೂರು ಕಿಲೋ ಬೇರೆ. ಬೇಗ ಸವೆಯದೆ ಏನು ಮಾಡುತ್ತವೆ? ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಮೊದಲ ಮಳೆಯಲ್ಲಿ ಎರಡು ತಿಂಗಳ ಎಣ್ಣೆ, ಧೂಳು ನೀರಿನೊಡನೆ ಕಲೆತು ರಸ್ತೆ ಸೋಪು ಹಚ್ಚಿದಂತಾಗಿತ್ತು. ಸವೆದ ಗೆರೆಗೆ ಆ ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಎಲ್ಲಿಯದು?

ಪವರ್ ಸ್ಟಿಯರಿಂಗಿನ ಮೇಲೆ ನನಗೆ ಒಂದು ಸಣ್ಣ ಸಿಟ್ಟಿದೆ. ಹಳೆಯ ಕಾರಿಗೆ ಅದಿರಲಿಲ್ಲ. ಮುಂದಿನ ಗಾಲಿ ಸೋಲುತ್ತಿದೆ ಎಂದರೆ ಸ್ಟಿಯರಿಂಗು ಹಗುರಾಗಿ ಅಂಗೈಗೆ ಸುದ್ದಿ ಬರುತ್ತಿತ್ತು. ಈಗಿನದು 690 ಕಿಲೋವನ್ನೂ ಎರಡು ಬೆರಳಲ್ಲಿ ತಿರುಗಿಸುತ್ತದೆ. ಸುಖವೇನೋ ಹೌದು, ಆದರೆ ಭಾರ ಇದೆ ಎಂಬುದೇ ಮರೆತುಹೋಗುತ್ತದೆ.

ನಾಲ್ಕೂ ಟೈರು ಹೊಸದು ಹಾಕಿಸಿದೆ. ಕಣ್ಣಿನ ಡಾಕ್ಟರ ಹತ್ತಿರವೂ ಹೋದೆ. ಇದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ. ಬಲಗಣ್ಣಿನ ಕನ್ನಡಕದ ನಂಬರು ಬದಲಾಗಿತ್ತು. ಕಾಲಿನ ಚುರುಕು ನಲವತ್ತರಲ್ಲಿದ್ದಷ್ಟು ಇಲ್ಲ ಎಂಬುದು ನನಗೂ ಗೊತ್ತು. ಮಗನಿಗೆ ಎಲ್ಲ ಲೆಕ್ಕವನ್ನೂ ಬರೆದು ಕಳಿಸಿದೆ, ತೂಕ, ಗಾಳಿ, ಟೈರು, ಕಣ್ಣು, ಕಾಲು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಸ್ಪೀಡಲ್ಲಿ ತಿರುಗಿಸಿದ್ರಿ ಅಪ್ಪಾ?" ನಲವತ್ತರ ಹತ್ತಿರ ಇದ್ದಿರಬೇಕು ಎಂದೆ. ಮೊಮ್ಮಗಳು ಪಕ್ಕದಲ್ಲೇ ಲೆಕ್ಕ ಹಾಕಿದಳು. ತಿರುವಿಗೆ ಬೇಕಾದ ಬಲ ವೇಗದ ವರ್ಗದಂತೆ ಏರುತ್ತದೆ. ಇಪ್ಪತ್ತೈದರಲ್ಲಿ ತಿರುಗುವುದಕ್ಕಿಂತ ನಲವತ್ತರಲ್ಲಿ ತಿರುಗಲು ಎರಡೂವರೆ ಪಟ್ಟು ಬಲ ಬೇಕು. ನೂರು ಕಿಲೋ ಭಾರ ಕೇಳಿದ್ದು ಹದಿನೇಳು ಪರ್ಸೆಂಟು ಹೆಚ್ಚು. ನನ್ನ ಕಾಲು ಕೇಳಿದ್ದು ನೂರೈವತ್ತಕ್ಕೂ ಹೆಚ್ಚು. ಫೋನಿನ ಆ ಕಡೆ ಮಗ ಏನೂ ಹೇಳಲಿಲ್ಲ. ಈ ಕಡೆ ನಾನೂ.

ಆಮೇಲೆ ಅವನು ಒಂದು ಒಪ್ಪಂದಕ್ಕೆ ಬಂದ. ಡ್ರೈವಿಂಗ್ ಕಲಿಸುವವರ ಜೊತೆ ಎರಡು ಭಾನುವಾರ ಅಭ್ಯಾಸ ಮಾಡಬೇಕು, ಅವರು ಸರಿ ಅಂದರೆ ಸರಿ. ಅರವತ್ತೆಂಟಕ್ಕೆ ಎಲ್ ಬೋರ್ಡಿನ ಮೇಷ್ಟ್ರು! ಬೆಳಿಗ್ಗೆ ಆರಕ್ಕೆ ಖಾಲಿ ಮೈದಾನದಲ್ಲಿ ಅವರು ಹೇಳಿದ್ದು ಬಹಳ ಇಲ್ಲ. ತಿರುವು ಬರುವ ಮೊದಲೇ, ಗಾಲಿ ನೇರ ಇರುವಾಗಲೇ ಬ್ರೇಕಿನ ಕೆಲಸ ಮುಗಿಸಿ. ಒಳಗೆ ಹೋದ ಮೇಲೆ ತುಳಿಯಬೇಡಿ. ಮೂಗು ಹೊರಗೆ ಹೋಗುತ್ತಿದೆ ಅನ್ನಿಸಿದರೆ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ, ಸ್ಟಿಯರಿಂಗನ್ನು ಇನ್ನೂ ತಿರುಗಿಸದೆ ಒಂದಿಷ್ಟು ಸಡಿಲಿಸಿ, ಟೈರು ಮತ್ತೆ ಹಿಡಿದುಕೊಳ್ಳುತ್ತದೆ. ಕೇಳಲು ಸುಲಭ. ಕಾರು ಎಡಕ್ಕೆ ಬಾರದಿದ್ದಾಗ ಸ್ಟಿಯರಿಂಗನ್ನು ಬಲಕ್ಕೆ ಸಡಿಲಿಸುವುದಕ್ಕೆ ಕೈ ಒಪ್ಪುವುದೇ ಇಲ್ಲ. ಅವರು ನೀರು ಹಾಕಿದ ಮಣ್ಣಿನಲ್ಲಿ, ನಿಧಾನ ವೇಗದಲ್ಲಿ, ಹತ್ತು ಸಲ ಮಾಡಿಸಿದ ಮೇಲೆ ಒಂಬತ್ತನೆಯದೂ ಹತ್ತನೆಯದೂ ಸರಿ ಬಂದವು. (ಮಕ್ಕಳೇ, ಇದು ನಿಮ್ಮ ಪ್ರಯೋಗವಲ್ಲ, ಚೀಲದ್ದು ಮಾತ್ರ ನಿಮ್ಮದು.)

ಈ ನಡುವೆ ನಮ್ಮ ಮನೆಯಾಕೆ ಒಂದು ಪರಿಹಾರ ಸೂಚಿಸಿದಳು. "ಮುಂದೆ ಭಾರ ಅಂದ್ರೆ ಹಿಂದೆ ನಾನು ಕೂತ್ಕೋತೀನಿ, ಡಿಕ್ಕೀಲಿ ಅಕ್ಕಿ ಮೂಟೆ ಇಡಿ, ಸರಿ ಹೋಯ್ತಲ್ಲ?" ಗಾಡಿ ಹೇರಿದವರ ಮನೆಯ ಮಾತು, ಅರ್ಧ ಸರಿ. ಹಿಂದಿನ ಸೀಟಿನಲ್ಲಿ ಜನ ಕೂತರೆ ಪಾಲು ಸ್ವಲ್ಪ ಸಮವಾಗುತ್ತದೆ. ಆದರೆ ಮುಂದಿನ ನೂರು ಕಿಲೋ ಎಲ್ಲಿಗೂ ಹೋಗುವುದಿಲ್ಲ, ಒಟ್ಟು ಭಾರ ಇನ್ನೂ ಏರುತ್ತದೆ, ಡಿಕ್ಕಿಯ ಮೂಟೆ ತಿರುವಿನಲ್ಲಿ ಬಾಲವನ್ನು ಹೊರಕ್ಕೆ ಎಳೆಯುತ್ತದೆ. ಎತ್ತಿನ ಗಾಡಿಯಲ್ಲಿ ಕಬ್ಬನ್ನು ಹಿಂದಕ್ಕೆ ಸರಿಸಬಹುದು, ಎಂಜಿನ್ನನ್ನು ಸರಿಸಲಾಗುವುದಿಲ್ಲ. ಅವಳ ತೂಕವನ್ನು ಲೆಕ್ಕಕ್ಕೆ ಕೇಳಿದೆ, ಹೇಳಲಿಲ್ಲ.

ಈಗ ಕತ್ತಲಾದ ಮೇಲೆ ನಾನು ಓಡಿಸುವುದಿಲ್ಲ, ಮಳೆ ಬಿದ್ದ ದಿನವೂ ಇಲ್ಲ. ಸಂಗೀತದ ಪಾಠವನ್ನು ಭಾನುವಾರ ಬೆಳಿಗ್ಗೆಗೆ ಬದಲಾಯಿಸಿಕೊಂಡಿದ್ದಾಳೆ. ಹೋದ ಭಾನುವಾರ ಅವಳಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ನಾನು ಏನೂ ಕೇಳಲಿಲ್ಲ. ನಮ್ಮ ಕ್ರಾಸು ಹತ್ತಿರ ಬಂದಾಗ ಕತ್ತು ಚಾಚಿ ಮೀಟರು ನೋಡಿ ಗಟ್ಟಿಯಾಗಿ ಓದಿದಳು: "ಇಪ್ಪತ್ತೆರಡು, ತಾತ."

ಕಾರು ಹೇಳಿದ ದಾರಿಯಲ್ಲೇ ತಿರುಗಿತು. ಎಳನೀರಿನವರು ನಮ್ಮನ್ನು ಕಂಡು ಕೈ ಎತ್ತಿದರು. ಆದರೂ ಇನ್ನೊಂದು ಕೈಯಲ್ಲಿ ಗಾಡಿಯನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡರು.